ಅಳಿವೆಯ ಕೆಸರಿಗೆ ಕೈ ಹಾಕುವ ಮುಂಚೆ ಮನೆ ಧೂಳು ಕೊಡವಿಕೊಳ್ಳಿ

ಟೀವಿ, ಸೋಫಾಗೆ ಬೆಂಕಿ ಹತ್ತದಿರಲಿ ಅಂತ ಹಾಕುವ ರಾಸಾಯನಿಕ ಕೆಸರಿನಲ್ಲಿ ಇದೆಯಾ ಅಂತ ನೋಡಲು ನಾವು ಮೊದಲ ಸಲ ಕುಮಟಾ ಹತ್ತಿರದ ಅಘನಾಶಿನಿ ಅಳಿವೆಗೆ, ಅಂದರೆ ಹೊಳೆ ಸಮುದ್ರ ಸೇರುವ ಜಾಗಕ್ಕೆ, ಹೋದಾಗ ಒಟ್ಟು ಹದಿನಾರು ಬಾಟ್ಲಿ ತಂದಿದ್ದೆವು. ಹದಿನೈದರಲ್ಲಿ ಕೆಸರು, ಒಂದು ಬೇಕಂತಲೇ ಖಾಲಿ, ನಮ್ಮಿಂದಲೇ ಕೊಳೆ ಸೇರಿದೆಯಾ ಅಂತ ತಿಳಿಯಲು. ಲ್ಯಾಬಿನಿಂದ ಬಂದ ಹಾಳೆ ನೋಡಿದರೆ, ಬೆಂಕಿ ತಡೆಯುವ ರಾಸಾಯನಿಕ ಎಲ್ಲಕ್ಕಿಂತ ಜಾಸ್ತಿ ಸಿಕ್ಕಿದ್ದು ಆ ಖಾಲಿ ಬಾಟ್ಲಿಯಲ್ಲಿ!

ಎರಡು ದಿನ ತಲೆ ಕೆರೆದುಕೊಂಡೆವು. ಆಮೇಲೆ ನೆನಪಾಯಿತು. ಹೊರಡುವ ಹಿಂದಿನ ರಾತ್ರಿ ಬಾಟ್ಲಿಗಳನ್ನೆಲ್ಲ ತೊಳೆದು ನಮ್ಮ ಮನೆ ಹಾಲ್‌ನಲ್ಲಿ, ಈಗ ಯಾರೂ ನೋಡದ ಹಳೇ ಡಬ್ಬ ಟೀವಿಯ ಪಕ್ಕದ ಮೇಜಿನ ಮೇಲೆ ಒಣಗಲು ಇಟ್ಟಿದ್ದೆ, ಬೇಗ ಒಣಗಲಿ ಅಂತ ಫ್ಯಾನ್ ಬೇರೆ ಹಾಕಿದ್ದೆ. ಆ ಟೀವಿಯ ಬೆನ್ನಿನ ಕಪ್ಪು ಪ್ಲಾಸ್ಟಿಕ್ ಮೇಲೆ ಬೆರಳು ಎಳೆದರೆ ಬೂದಿ ಬಣ್ಣದ ಧೂಳು ಹತ್ತಿ ಎಳೆಯ ಹಾಗೆ ಸುತ್ತಿಕೊಂಡು ಬರುತ್ತದೆ. ಬಾಟ್ಲಿಯೊಳಗೆ ಹೋಗಿ ಕೂತಿದ್ದು ಅದೇ. ಹದಿನಾರೂ ಅಲ್ಲೇ ಒಣಗಿದ್ದರಿಂದ ಕೆಸರಿನ ಲೆಕ್ಕವನ್ನೂ ನಂಬುವ ಹಾಗಿರಲಿಲ್ಲ. ಎರಡು ರಾತ್ರಿಯ ರೈಲು, ಮೊಣಕಾಲುದ್ದದ ರಾಡಿ, ಲ್ಯಾಬಿಗೆ ಕೊಟ್ಟ ದುಡ್ಡು, ಎಲ್ಲಾ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತು.

ಅದಕ್ಕೇ ಈ ಬರಹದಲ್ಲಿ ಅಳಿವೆ ತಲುಪುವ ಮುಂಚಿನ ಮಾತೇ ಜಾಸ್ತಿ. ಬೆಂಗಳೂರಿನಿಂದ ಹೊರಡುವ ಕಾಲೇಜು ಹುಡುಗ ಹುಡುಗಿಯರಿಗೆ, ಕೆರೆ ಕಾಯುವ ಗುಂಪಿನವರಿಗೆ ಇದು. ಬೇರೆ ಮಾಲಿನ್ಯಕ್ಕೆ ಕೆಸರು ತೆಗೆದು ಅಭ್ಯಾಸ ಇದ್ದವರೂ ಓದಿ. ಸೀಸ, ಪಾದರಸ ಹುಡುಕುವಾಗ ಮಾಡಿದ ಹಾಗೆ ಇಲ್ಲಿ ಮಾಡಿದರೆ ಕೆಡುತ್ತದೆ.

ಹುಡುಕುತ್ತಿರುವುದು ಏನನ್ನು

ಪಿಬಿಡಿಇ ಅಂತ ಒಂದು ದೊಡ್ಡ ಕುಟುಂಬ ಇದೆ. ಬ್ರೋಮಿನ್ ಇರುವ ರಾಸಾಯನಿಕಗಳು, ಲೆಕ್ಕಕ್ಕೆ 209 ಬಗೆ. ಮಾರುಕಟ್ಟೆಗೆ ಬಂದಿದ್ದು ಮೂರು ಮಿಶ್ರಣ: ಪೆಂಟಾ, ಆಕ್ಟಾ, ಡೆಕಾ. ಪೆಂಟಾ ಹೆಚ್ಚಾಗಿ ಅಮೆರಿಕದ ಕಡೆ ಸೋಫಾ ಫೋಮ್‌ಗೆ ಹೋಯಿತು. ಡೆಕಾ ಟೀವಿ, ಕಂಪ್ಯೂಟರ್ ಡಬ್ಬ, ವೈರು, ಪರದೆ ಬಟ್ಟೆಗೆ. ಡೆಕಾದಲ್ಲಿ ಮುಖ್ಯವಾಗಿ ಇರುವುದು ಬಿಡಿಇ-209. ನಮ್ಮ ಕಡೆಯ ಕೆಸರಲ್ಲಿ ನೀವು ಮೊದಲು ಕಣ್ಣಿಡಬೇಕಾದ ಹೆಸರು ಅದು.

ಇವು ಪ್ಲಾಸ್ಟಿಕ್ಕಿಗೆ ಅಂಟಿಕೊಂಡಿರುವುದಿಲ್ಲ, ಸುಮ್ನೆ ಬೆರೆತಿರುತ್ತವೆ. ಅವಲಕ್ಕಿಗೆ ಕಡಲೆಬೀಜ ಬೆರೆಸಿದ ಹಾಗೆ, ಅಲ್ಲಾಡಿಸಿದರೆ ಬೇರೆಯಾಗುತ್ತವೆ. ಪ್ಲಾಸ್ಟಿಕ್ ಬಿಸಿಯಾದಾಗ, ಸವೆದಾಗ, ಪುಡಿಯಾದಾಗ ಧೂಳಿಗೆ ಬರುತ್ತವೆ. ಧೂಳನ್ನು ನಾವು ಗುಡಿಸುತ್ತೇವೆ, ಉಳಿದಿದ್ದನ್ನು ಒರೆಸುತ್ತೇವೆ, ಒರೆಸಿದ ಬಕೆಟ್ ನೀರನ್ನು ಬಚ್ಚಲಿಗೆ ಸುರಿಯುತ್ತೇವೆ. ಅಲ್ಲಿಂದ ಅದರ ಪ್ರಯಾಣ ಶುರು.

ಇವು ಪರಿಸರಕ್ಕೆ ಸೇರುತ್ತಿವೆ ಅಂತ ಜಗತ್ತಿಗೆ ಗೊತ್ತಾಗಿ ಬಹಳ ವರ್ಷ ಆಯಿತು. 1981ರಲ್ಲೇ ಸ್ವೀಡನ್ನಿನ ವಿಸ್ಕನ್ ನದಿಯ ಮೀನಲ್ಲಿ, ಬಟ್ಟೆ ಕಾರ್ಖಾನೆಗಳ ಕೆಳಗಿನ ಹರಿವಿನಲ್ಲಿ, ಪಿಬಿಡಿಇ ಸಿಕ್ಕಿತ್ತು. ಅದೇ ದೇಶದಲ್ಲಿ 1972ರಿಂದ ಕೂಡಿಟ್ಟಿದ್ದ ತಾಯಿ ಹಾಲನ್ನು 1990ರ ದಶಕದ ಕೊನೆಯಲ್ಲಿ ತೆಗೆದು ನೋಡಿದಾಗ ಐದೈದು ವರ್ಷಕ್ಕೆ ಪ್ರಮಾಣ ದುಪ್ಪಟ್ಟಾಗುತ್ತಾ ಬಂದಿದ್ದು ಕಂಡಿತು. ಥೈರಾಯ್ಡ್ ಹಾರ್ಮೋನಿನ ಆಕಾರಕ್ಕೂ ಇವುಗಳ ಆಕಾರಕ್ಕೂ ಹೋಲಿಕೆ ಇದೆ, ಆತಂಕದ ಮೂಲ ಅಲ್ಲಿದೆ. ಬಹುಕಾಲ ಉಳಿಯುವ ವಿಷಗಳನ್ನು ತಡೆಯಲು ದೇಶಗಳು ಮಾಡಿಕೊಂಡ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಪೆಂಟಾ, ಆಕ್ಟಾದ ಮುಖ್ಯ ಭಾಗಗಳು ಸೇರಿದ್ದು 2009ರಲ್ಲಿ. ಕಟ್ಟಡದ ಥರ್ಮೋಕೋಲ್ ಹಲಗೆಗೆ ಹಾಕುವ ಎಚ್‌ಬಿಸಿಡಿ 2013ರಲ್ಲಿ. ಡೆಕಾ 2017ರಲ್ಲಿ. ಭಾರತ 2018ರಲ್ಲಿ ಏಳು ರಾಸಾಯನಿಕಗಳನ್ನು ನಿಷೇಧಿಸುವ ನಿಯಮ ತಂದಾಗ ಪೆಂಟಾ, ಆಕ್ಟಾದ ಭಾಗಗಳೂ ಎಚ್‌ಬಿಸಿಡಿಯೂ ಅದರಲ್ಲಿದ್ದವು, ಡೆಕಾ ಇರಲಿಲ್ಲ. ಎಲೆಕ್ಟ್ರಾನಿಕ್ ಸಾಮಾನಿಗೆ ಮಾತ್ರ ಇ-ತ್ಯಾಜ್ಯ ನಿಯಮದಲ್ಲಿ ಪಿಬಿಡಿಇ ತೂಕದ 0.1 ಶೇಕಡಾ ಮೀರಬಾರದು ಅಂತ ಮಿತಿ ಇದೆ. ಆದರೆ ಅದಕ್ಕೂ ಹಿಂದಿನ ಟೀವಿ ಎಷ್ಟು ಮನೆಯ ಅಟ್ಟದ ಮೇಲಿದೆ ಹೇಳಿ!

ಇನ್ನೊಂದು ವಿಷಯ. ಡೆಕಾ ಬೇಡ ಅಂದ ಕಡೆಯೆಲ್ಲ ಡಿಬಿಡಿಪಿಇ ಅನ್ನುವುದು ಬಂತು. ಹೆಚ್ಚುಕಡಿಮೆ ಅದರ ಚಿಕ್ಕಪ್ಪನ ಮಗ, ಆಕಾರವೂ ಸ್ವಭಾವವೂ ಹತ್ತಿರ ಹತ್ತಿರ. ಲ್ಯಾಬಿನ ಪಟ್ಟಿಯಲ್ಲಿ ಅದನ್ನೂ ಸೇರಿಸಿ ಅಂತ ಕೇಳುವುದನ್ನು ಮರೆಯಬೇಡಿ.

ಬೆಂಗಳೂರಿನ ಅಳಿವೆ ಯಾವುದು

ಸಮುದ್ರವಿಲ್ಲದ ಊರಿಗೆ ಅಳಿವೆ ಎಲ್ಲಿಂದ ಬಂತು ಅಂತ ನನ್ನನ್ನು ಬಹಳ ಜನ ಕೇಳಿದ್ದಾರೆ. ಬೆಳ್ಳಂದೂರು, ವರ್ತೂರು ದಾಟಿದ ನೀರು ದಕ್ಷಿಣ ಪಿನಾಕಿನಿ ಸೇರುತ್ತದೆ. ಹೊಸೂರಿನ ಹತ್ತಿರ ಕೆಲವರಪಳ್ಳಿ ಅಣೆಕಟ್ಟು, ಆಮೇಲೆ ಕೃಷ್ಣಗಿರಿ, ಸಾತನೂರು, ಕೊನೆಗೆ ಕಡಲೂರಿನ ಬಳಿ ಬಂಗಾಳ ಕೊಲ್ಲಿ. ಅತ್ತ ವೃಷಭಾವತಿ ಅರ್ಕಾವತಿ ಸೇರಿ, ಸಂಗಮದಲ್ಲಿ ಕಾವೇರಿಗೆ ಹೋಗುತ್ತದೆ. ಅಂದರೆ ನಮ್ಮ ಬಚ್ಚಲಿನ ಅಳಿವೆ ಇರುವುದು ತಮಿಳುನಾಡಿನಲ್ಲಿ. ದಾರಿಯಲ್ಲಿ ಅಷ್ಟು ಅಣೆಕಟ್ಟು ಇರುವುದರಿಂದ ಹೂಳು ಬಹಳಷ್ಟು ಅಲ್ಲಲ್ಲೇ ಕೂರುತ್ತದೆ, ದೊಡ್ಡ ನೆರೆ ಬಂದಾಗ ಮುಂದಕ್ಕೆ ಹೋಗುತ್ತದೆ. ಶುದ್ಧೀಕರಿಸಿದ ನೀರಿನ ಒಂದು ಪಾಲು 2018ರಿಂದ ಕೆಸಿ ವ್ಯಾಲಿ ಯೋಜನೆಯಲ್ಲಿ ಕೋಲಾರದ ಕೆರೆಗಳಿಗೂ ಹೋಗುತ್ತಿದೆ. ಒಳಚರಂಡಿ ಘಟಕಕ್ಕೆ ಬಂದ ಡೆಕಾದಲ್ಲಿ ಹೆಚ್ಚಿನ ಪಾಲು ನೀರಿಗಿಂತ ಅಲ್ಲಿನ ಗಸಿಗೇ ಅಂಟಿಕೊಳ್ಳುತ್ತದೆ. ಆ ಗಸಿ ಗೊಬ್ಬರವಾಗಿ ಹೊಲಕ್ಕೆ ಹೋದರೆ ಅದು ಬೇರೆಯೇ ಕಥೆ.

(ಬೆಂಕಿ ಹತ್ತಬಾರದು ಅಂತ ಮಾಡಿದ ರಾಸಾಯನಿಕ ಹೋಗಿ ಸೇರುವ ಬೆಳ್ಳಂದೂರು ಕೆರೆಗೇ 2015ರಲ್ಲಿ, 2017ರಲ್ಲಿ, 2018ರಲ್ಲಿ ಬೆಂಕಿ ಬಿತ್ತು. ಇದಕ್ಕೆ ಏನನ್ನಬೇಕೋ ನನಗೆ ತೋಚುವುದಿಲ್ಲ.)

ಹಾಗಾದರೆ ನೇರ ಕಡಲೂರಿಗೇ ಹೋಗಬಹುದಲ್ವಾ? ಹೋಗಬಹುದು. ಆದರೆ ಮೊದಲ ಸಲ ಅಲ್ಲಿಗೆ ಹೋಗಬೇಡಿ ಅನ್ನುವುದು ನನ್ನ ಮಾತು. ಸುತ್ತ ದೊಡ್ಡ ಊರಿಲ್ಲದ, ಕಾರ್ಖಾನೆ ಕಡಿಮೆ ಇರುವ ಅಳಿವೆಯಲ್ಲಿ ಕೈ ಪಳಗಿಸಿ. ಅಲ್ಲಿ ನಿಮ್ಮ ಕೈಯ ಕೊಳೆ ತಕ್ಷಣ ಕಾಣುತ್ತದೆ. ಕೊಳಕು ಜಾಗದಲ್ಲಿ ನಿಮ್ಮ ಟೀವಿ ಧೂಳು ಯಾವುದು, ಊರಿನದು ಯಾವುದು ಅಂತ ಗೊತ್ತೇ ಆಗುವುದಿಲ್ಲ. ಅಘನಾಶಿನಿ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ನದಿಗೆ ದೊಡ್ಡ ಅಣೆಕಟ್ಟಿಲ್ಲ, ಅಳಿವೆಗೆ 2024ರಲ್ಲಿ ಮಹತ್ವದ ಜೌಗು ಪ್ರದೇಶ ಅನ್ನುವ ಅಂತರರಾಷ್ಟ್ರೀಯ ರಾಮ್ಸರ್ ಮಾನ್ಯತೆ ಸಿಕ್ಕಿದೆ, ಬೆಂಗಳೂರಿನಿಂದ ಕಾರವಾರದ ರಾತ್ರಿ ರೈಲು ಹತ್ತಿದರೆ ಬೆಳಿಗ್ಗೆ ಕುಮಟಾ. ಆಮೇಲೆ ಹೋಲಿಸಲು ಮಂಗಳೂರಿನ ನೇತ್ರಾವತಿ–ಗುರುಪುರ ಅಳಿವೆಗೆ ಹೋಗಿ. ಕಡಲೂರು ಮೂರನೆಯದು.

ಕೆಸರೇ ಯಾಕೆ, ನೀರು ಯಾಕಲ್ಲ

ಬಿಡಿಇ-209 ನೀರಲ್ಲಿ ಕರಗುವುದೇ ಇಲ್ಲ ಅಂದರೂ ನಡೆಯುತ್ತದೆ. ಅದಕ್ಕೆ ಜಿಡ್ಡು ಇಷ್ಟ, ಕೊಳೆತ ಎಲೆ ಇಷ್ಟ, ನುಣ್ಣನೆಯ ಜೇಡಿ ಇಷ್ಟ. ಹೊಳೆಯಲ್ಲಿ ಜೇಡಿ ಕಣದ ಬೆನ್ನೇರಿಕೊಂಡು ಬರುತ್ತದೆ. ಸಿಹಿನೀರಲ್ಲಿ ಜೇಡಿ ಕಣಗಳು ಒಂದನ್ನೊಂದು ದೂರ ತಳ್ಳುತ್ತಾ ತೇಲುತ್ತಿರುತ್ತವೆ. ಉಪ್ಪುನೀರು ಸಿಕ್ಕಿದ ಕೂಡಲೇ ಆ ತಳ್ಳಾಟ ನಿಂತು, ಹಾಲಿಗೆ ನಿಂಬೆಹಣ್ಣು ಹಿಂಡಿದ ಹಾಗೆ ಗಂಟು ಗಂಟಾಗಿ ಕೆಳಗೆ ಕೂರುತ್ತವೆ. ಘಟ್ಟದಿಂದ ಸಮುದ್ರದವರೆಗೆ ಹೊಳೆ ಹೊತ್ತು ತಂದಿದ್ದನ್ನೆಲ್ಲ ಇಳಿಸುವ ಜಾಗ ಅಳಿವೆ. ಅದಕ್ಕೇ ನೆದರ್ಲೆಂಡ್ಸಿನ ಸ್ಕೆಲ್ಟ್ ಅಳಿವೆ, ಇಂಗ್ಲೆಂಡಿನ ಟೀಸ್, ಚೀನಾದ ಪರ್ಲ್ ನದಿಯ ಮುಖಜ, ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ, ಇವುಗಳ ಹೆಸರೇ ಈ ವಿಷಯದಲ್ಲಿ ಮತ್ತೆ ಮತ್ತೆ ಬರುವುದು.

ಸಾಮಾನು: ಅಡುಗೆಮನೆಯಿಂದ ಶುರು ಮಾಡಿ

ಒಂದೇ ನಿಯಮ. ಕೆಸರಿಗೆ ಸ್ಟೀಲು, ಗಾಜು, ಅಲ್ಯೂಮಿನಿಯಂ ಫಾಯಿಲ್ ಬಿಟ್ಟು ಬೇರೇನೂ ತಾಗಬಾರದು.

ಉದ್ದ ಹಿಡಿಯ ಸ್ಟೀಲ್ ಸೌಟು ಎರಡು, ಚಮಚ ನಾಲ್ಕು, ಬೋಗುಣಿ ಒಂದು. ಹಿಡಿಗೆ ಪ್ಲಾಸ್ಟಿಕ್ ಇರಬಾರದು. ದೋಣಿಯಿಂದ ತೆಗೆಯುವುದಾದರೆ ಕೆಸರು ಕಚ್ಚಿಕೊಂಡು ಬರುವ ಗ್ರ್ಯಾಬ್ ಬೇಕು, ಅದನ್ನು ಕಾಲೇಜಿನಿಂದ ಕೇಳಿ ಪಡೆಯಿರಿ, ಕೊಳ್ಳಲು ಹೋಗಬೇಡಿ. ಅಗಲ ಬಾಯಿಯ ಕಾಲು ಲೀಟರ್ ಗಾಜಿನ ಬಾಟ್ಲಿ, ಕಂದು ಬಣ್ಣದ್ದಾದರೆ ಒಳ್ಳೆಯದು, ಯಾಕೆಂದರೆ ಡೆಕಾ ಬೆಳಕಿಗೆ ಬ್ರೋಮಿನ್ ಕಳೆದುಕೊಂಡು ಬೇರೆ ಸಣ್ಣ ಬಗೆಗಳಾಗಿ ಒಡೆಯುತ್ತದೆ. ಬಿಳಿ ಬಾಟ್ಲಿ ಇದ್ದರೆ ಹೊರಗೆ ಫಾಯಿಲ್ ಸುತ್ತಿ.

ಬಾಟ್ಲಿಯನ್ನೂ ಫಾಯಿಲನ್ನೂ ಮಫಲ್ ಫರ್ನೇಸಿನಲ್ಲಿ, ಅಂದರೆ ಲ್ಯಾಬಿನ ಕುಲುಮೆಯಲ್ಲಿ, 450 ಡಿಗ್ರಿಯಲ್ಲಿ ನಾಲ್ಕು ಗಂಟೆ ಸುಡಬೇಕು. ಕೆಮಿಸ್ಟ್ರಿ ಡಿಪಾರ್ಟ್‌ಮೆಂಟ್ ಇರುವ ಕಾಲೇಜಲ್ಲಿ ಒಂದಾದರೂ ಫರ್ನೇಸ್ ಇರುತ್ತದೆ, ಅಟೆಂಡರ್ ಅಣ್ಣನಿಗೆ ಮೊದಲೇ ಹೇಳಿಟ್ಟರೆ ಕೆಲಸ ಸಲೀಸು. ಅಂಗಡಿಯ ಚಪಾತಿ ಫಾಯಿಲ್ ಮೇಲೆ ಕಾರ್ಖಾನೆಯ ತೆಳು ಎಣ್ಣೆ ಇರುತ್ತದೆ, ಸುಡದೆ ಬಳಸಬೇಡಿ. ಫರ್ನೇಸ್ ತಾನಾಗಿ ತಣ್ಣಗಾಗಲು ಬಿಡಿ. ಬಿಸಿ ಗಾಜನ್ನು ಹೊರಗೆಳೆದರೆ ಟಪ್ ಅಂತ ಸೀಳುತ್ತದೆ. ಮುಚ್ಚಳ ಸುಡುವ ಹಾಗಿಲ್ಲ, ಅದರ ಒಳಗೆ ಟೆಫ್ಲಾನ್ ಬಿಲ್ಲೆ ಇರಲಿ, ಇಲ್ಲದಿದ್ದರೆ ಸುಟ್ಟ ಫಾಯಿಲ್ ಹಾಕಿ ಮುಚ್ಚಿ.

ಸೌಟು, ಚಮಚ, ಬೋಗುಣಿಯನ್ನು ಸೋಪು ಹಾಕಿ ತೊಳೆದು, ಆಮೇಲೆ ಅಸಿಟೋನ್, ಕೊನೆಗೆ ಹೆಕ್ಸೇನ್ ಹಾಯಿಸಿ ತೊಳೆಯಬೇಕು. ಇದನ್ನು ಲ್ಯಾಬಿನ ಹೊಗೆ ಎಳೆಯುವ ಗೂಡಿನೊಳಗೆ ಮಾತ್ರ ಮಾಡಿ, ಮನೆಯಲ್ಲಂತೂ ಬೇಡವೇ ಬೇಡ, ಎರಡೂ ಭಗ್ ಅಂತ ಹತ್ತಿಕೊಳ್ಳುವ ದ್ರವ. ರೈಲಿನಲ್ಲೂ ಒಯ್ಯುವ ಹಾಗಿಲ್ಲ. ಆದ್ದರಿಂದ ತೊಳೆಯುವುದೆಲ್ಲ ಬೆಂಗಳೂರಲ್ಲೇ ಮುಗಿಯಬೇಕು. ಒಂದೊಂದು ಜಾಗಕ್ಕೆ ಒಂದೊಂದು ಚಮಚವನ್ನು ತೊಳೆದು ಬೇರೆ ಬೇರೆ ಫಾಯಿಲ್ ಪೊಟ್ಟಣ ಮಾಡಿಕೊಳ್ಳಿ. ಅಳಿವೆಯಲ್ಲಿ ಪೊಟ್ಟಣ ಬಿಚ್ಚುವುದು, ಬಳಸುವುದು, ಪಕ್ಕಕ್ಕಿಡುವುದು, ಅಷ್ಟೇ. ಅಲ್ಲಿ ನಿಂತು ತೊಳೆಯುವ ಗೋಜೇ ಇಲ್ಲ.

ಇಷ್ಟೆಲ್ಲ ಮಾಡಿ, ಎಲ್ಲವನ್ನೂ ಒಂದು ಸ್ಟೀಲ್ ಟ್ರಂಕಿನೊಳಗೆ ಇಟ್ಟು ಮುಚ್ಚಿ. ನಮ್ಮಜ್ಜಿಯ ಕಾಲದ್ದು ಒಂದು ಸಿಕ್ಕಿತು, ಬಹಳ ಅನುಕೂಲವಾಯಿತು. ಕಾರಲ್ಲಿ ಹೋದರೆ ಸೀಟಿನ ಫೋಮು, ಡ್ಯಾಶ್‌ಬೋರ್ಡು, ರೈಲಲ್ಲಿ ಹೋದರೆ ಬರ್ತು, ಎಲ್ಲದಕ್ಕೂ ಒಂದಲ್ಲ ಒಂದು ಬೆಂಕಿ ತಡೆಯುವ ಮದ್ದು ಹಾಕಿರುತ್ತಾರೆ. ಎಲ್ಲಾ ಕಡೆ ಪಿಬಿಡಿಇಯೇ ಇರುತ್ತದೆ ಅಂತಲ್ಲ, ಆದರೆ ಯಾವುದು ಎಲ್ಲಿದೆ ಅಂತ ಹಣೆ ಮೇಲೆ ಬರೆದಿರುವುದಿಲ್ಲವಲ್ಲ. ಲ್ಯಾಪ್‌ಟಾಪ್ ಬ್ಯಾಗಿನೊಳಗೆ ಬಾಟ್ಲಿ ತುರುಕಬೇಡಿ. ಹಾಗೆ ಮಾಡಿದವರನ್ನು ಕಣ್ಣಾರೆ ನೋಡಿದ್ದೇನೆ.

ಅಳಿವೆಯಲ್ಲಿ

ಮಳೆಗಾಲದಲ್ಲಿ ಹೊಳೆ ಹಳೆಯ ಕೆಸರನ್ನೆಲ್ಲ ಬಾಚಿಕೊಂಡು ಹೋಗುತ್ತದೆ. ಆದ್ದರಿಂದ ನವೆಂಬರಿನಿಂದ ಫೆಬ್ರವರಿವರೆಗೆ ಹೋಗಿ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಉಬ್ಬರವೂ ಜಾಸ್ತಿ, ಇಳಿತವೂ ಜಾಸ್ತಿ, ಕೆಸರಿನ ಬಯಲು ಚೆನ್ನಾಗಿ ತೆರೆದುಕೊಳ್ಳುತ್ತದೆ. ಕ್ಯಾಲೆಂಡರ್ ನೋಡಿ ಟಿಕೆಟ್ ಮಾಡಿಸಿ. ಇಳಿತಕ್ಕೆ ಒಂದು ಗಂಟೆ ಮುಂಚೆ ಅಲ್ಲಿರಿ. ನೀರು ತಿರುಗಿತು ಅಂದರೆ ಮರು ಮಾತಿಲ್ಲದೆ ದಡಕ್ಕೆ ಬನ್ನಿ.

ಊರವರಿಲ್ಲದೆ ಕೆಸರಿಗೆ ಇಳಿಯಬೇಡಿ. ನಮಗೆ ದಾರಿ ತೋರಿಸಿದವರು ಬಳಚು (ಕೆಸರಲ್ಲಿ ಸಿಗುವ ಚಿಪ್ಪುಮೀನು) ಹೆಕ್ಕುವ ಒಬ್ಬ ಹಿರಿಯಕ್ಕ. ನಾವು ಬಾಟ್ಲಿ, ಚಮಚ ಹಿಡಿದು ನಿಂತಿದ್ದು ನೋಡಿ, 'ಎಂಥಕ್ಕೆ ಬಂದ್ರಿ, ಅಡುಗೆ ಮಾಡೂಕಾ?' ಅಂತ ನಕ್ಕರು. ಆಮೇಲೆ ಎಲ್ಲಿ ಕಾಲು ಹುಗಿಯುತ್ತದೆ, ಎಲ್ಲಿ ಹುಗಿಯುವುದಿಲ್ಲ ಅಂತ ಒಂದೊಂದೇ ಹೆಜ್ಜೆ ತೋರಿಸಿದರು. ಎಲ್ಲಿ ಚಿಪ್ಪು ತೆಗೆದಿದ್ದಾರೆ, ಎಲ್ಲಿ ಮರಳು ಎತ್ತಿದ್ದಾರೆ, ಎಲ್ಲಿ ಕೆಸರು ಹತ್ತಾರು ವರ್ಷದಿಂದ ಕದಲಿಲ್ಲ ಅನ್ನುವುದು ಅವರಿಗೆ ಗೊತ್ತು. ಕದಲಿದ ಜಾಗದ ಕೆಸರು ನಿಮಗೆ ಬೇಡ. ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಕಾಡಿನೊಳಗೆ (ಮ್ಯಾಂಗ್ರೋವ್) ಹೋಗುವುದಾದರೆ ಅರಣ್ಯ ಇಲಾಖೆಯನ್ನು ಮೊದಲೇ ಕೇಳಿಕೊಳ್ಳಿ.

ಜಾಗ ಆರಿಸುವುದು ಬೆರಳಿನ ಕೆಲಸ. ಗ್ಲೌಸ್ ಹಾಕಿಕೊಂಡು, ಪುಡಿ ಇಲ್ಲದ ನೈಟ್ರೈಲ್ ಗ್ಲೌಸ್, ಒಂದು ಚಿಟಿಕೆ ಕೆಸರನ್ನು ಉಜ್ಜಿ ನೋಡಿ. ಚಿರೋಟಿ ರವೆಯ ಹಾಗೆ ಸಿಕ್ಕಿದರೆ ಮರಳು, ಮುಂದೆ ಹೋಗಿ. ಹೋಳಿಗೆ ಕಣಕದ ಹಾಗೆ ನುಣ್ಣಗೆ ಜಾರಿದರೆ ಅಲ್ಲೇ ನಿಲ್ಲಿ. ಇದು ಸಣ್ಣ ವಿಷಯ ಅಲ್ಲ. ಅದೇ ಹೊಳೆ, ಅದೇ ದಿನ, ನೂರು ಮಾರು ಅಂತರದಲ್ಲಿ ಮರಳಿನಿಂದ ತೆಗೆದದ್ದು ಸೊನ್ನೆ ಬಂದು ಜೇಡಿಯಿಂದ ತೆಗೆದದ್ದರಲ್ಲಿ ಸಿಗಬಹುದು, ಆಗ ಒಬ್ಬರು ಅಳಿವೆ ಶುದ್ಧ ಅಂತಲೂ ಇನ್ನೊಬ್ಬರು ಕೆಟ್ಟಿದೆ ಅಂತಲೂ ಬರೆಯುತ್ತಾರೆ. ಹೊಳೆ ತಿರುವಿನ ಒಳಬದಿ, ಕಾಂಡ್ಲಾ ಬೇರಿನ ಹಿಂದಿನ ಸಣ್ಣ ಕಾಲುವೆ, ನೀರು ನಿಧಾನವಾಗುವ ಇಂಥ ಜಾಗಗಳಲ್ಲಿ ನುಣ್ಣನೆ ಕೆಸರು ಸಿಗುತ್ತದೆ.

ಈಗ ತೆಗೆಯುವುದು. ಗಾಳಿ ಬರುವ ದಿಕ್ಕಿಗೆ ಮುಖ ಮಾಡಿ ನಿಲ್ಲಿ, ನಿಮ್ಮ ಅಂಗಿಯ ಧೂಳು ಹಿಂದಕ್ಕೆ ಹೋಗಲಿ. ಹತ್ತಿ ಬಟ್ಟೆ ಹಾಕಿಕೊಂಡಿದ್ದರೆ ಒಳ್ಳೆಯದು. ಮೊದಲು ಖಾಲಿ ಬಾಟ್ಲಿ ತೆರೆದು ಒಂದು ಕಲ್ಲಿನ ಮೇಲೆ ಇಡಿ. ಇದೇ ಫೀಲ್ಡ್ ಬ್ಲ್ಯಾಂಕ್. ನೀವು ಕೆಲಸ ಮಾಡುವಷ್ಟು ಹೊತ್ತೂ ಅದು ಬಾಯಿ ತೆರೆದುಕೊಂಡು ನೀವು ಉಸಿರಾಡುವ ಗಾಳಿಯನ್ನೇ ಕುಡಿಯಬೇಕು. ಕೆಸರಿನ ಮೇಲ್ಭಾಗ ನೋಡಿ: ಮೇಲೆ ತೆಳ್ಳಗೆ ಕಂದು ಪದರ, ಅದರ ಕೆಳಗೆ ಕಾಡಿಗೆಯಂಥ ಕಪ್ಪು, ಮೂಗಿಗೆ ಕೊಳೆತ ಮೊಟ್ಟೆಯ ವಾಸನೆ. ಮೇಲಿನ ಎರಡು ಸೆಂಟಿಮೀಟರ್ ಮಾತ್ರ ಸೌಟಿನಲ್ಲಿ ಹಾಲಿನ ಕೆನೆ ತೆಗೆದ ಹಾಗೆ ತೆಗೆಯಿರಿ. ಇತ್ತೀಚಿನ ವರ್ಷಗಳದ್ದು ಇರುವುದು ಅಲ್ಲಿ. ಒಂದೇ ಗುಂಡಿಯಿಂದ ಬೇಡ. ಹತ್ತು ಹೆಜ್ಜೆ ಸುತ್ತಳತೆಯಲ್ಲಿ ಐದು ಕಡೆಯಿಂದ ತೆಗೆದು ಬೋಗುಣಿಯಲ್ಲಿ ಕಲಸಿ, ಎಲೆ, ಚಿಪ್ಪು, ಪ್ಲಾಸ್ಟಿಕ್ ಚೂರು ಕಂಡರೆ ಚಮಚದಿಂದ ಆರಿಸಿ ಹಾಕಿ. ಬಾಟ್ಲಿಗೆ ಮುಕ್ಕಾಲು ಮಾತ್ರ ತುಂಬಿ. ಪೂರ್ತಿ ತುಂಬಿದರೆ ಫ್ರೀಜರಲ್ಲಿ ನೀರು ಹಿಗ್ಗಿ ಬಾಟ್ಲಿ ಒಡೆಯುತ್ತದೆ.

ಚೀಟಿ ಪೆನ್ಸಿಲ್ಲಿನಲ್ಲಿ ಬರೆಯಿರಿ. ಪೆನ್ನು ತೇವಕ್ಕೆ ಹರಡುತ್ತದೆ. ತಾರೀಕು, ಹೊತ್ತು, ಜಾಗದ ಅಕ್ಷಾಂಶ ರೇಖಾಂಶ, ಇಳಿತವಾ ಉಬ್ಬರವಾ, ಎಷ್ಟು ಆಳ, ಯಾರು ತೆಗೆದರು. ಒಂದು ಜಾಗದಲ್ಲಿ ಎರಡು ಬಾಟ್ಲಿ ತೆಗೆದು ಬೇರೆ ಬೇರೆ ಹೆಸರಿಟ್ಟು ಲ್ಯಾಬಿಗೆ ಹೇಳದೆ ಕೊಡಿ. ಎರಡರ ಉತ್ತರವೂ ಹತ್ತಿರ ಬಂದರೆ ಲ್ಯಾಬ್ ಸರಿಯಿದೆ.

ದೋಣಿ ಹತ್ತಿದರೆ ಲೈಫ್ ಜಾಕೆಟ್ ಹಾಕಿಕೊಳ್ಳಲೇಬೇಕು. ಅದರೊಳಗೂ ಫೋಮ್ ಇದೆ, ನಿಜ. ಅದನ್ನು ಬ್ಲ್ಯಾಂಕ್ ನೋಡಿಕೊಳ್ಳುತ್ತದೆ. ಜೀವಕ್ಕಿಂತ ಕೆಸರು ದೊಡ್ಡದಲ್ಲ.

ಮಂಜುಗಡ್ಡೆಗೆ ಪರದಾಡಬೇಕಿಲ್ಲ. ಮೀನು ಇಳಿಯುವ ತದಡಿಯಂಥ ಬಂದರಿನಲ್ಲಿ ಕೇಳಿದರೆ ಪುಡಿ ಮಂಜು ಕೊಡುತ್ತಾರೆ. ಥರ್ಮೋಕೋಲ್ ಪೆಟ್ಟಿಗೆ ಬದಲು ಹಳೆಯ ಹಾಲಿನ ಕ್ಯಾನು ಬಳಸಿ ನೋಡಿ, ಮಂಜಿನ ನಡುವೆ ಫಾಯಿಲ್ ಸುತ್ತಿದ ಬಾಟ್ಲಿ ನಿಲ್ಲಿಸಿ ಹೊರಗೆ ಗೋಣಿಚೀಲ ಸುತ್ತಿದರೆ ಬೆಂಗಳೂರು ಮುಟ್ಟುವವರೆಗೆ ತಣ್ಣಗಿರುತ್ತದೆ. ಬಂದ ಮೇಲೆ ಮೈನಸ್ 20 ಡಿಗ್ರಿಯ ಫ್ರೀಜರಿಗೆ, ಅದೂ ಕಾಲೇಜಿನದು. ನಾನು ಒಂದು ಸಲ ಮನೆ ಫ್ರಿಜ್ಜಿನಲ್ಲಿ ಇಟ್ಟೆ. ಡಿಸೆಂಬರ್ ತಿಂಗಳು, ಅಮ್ಮ ಹಿತುಕಿದ ಅವರೆಕಾಳು ಕಟ್ಟಿಟ್ಟಿದ್ದರು, ಅದರ ಪಕ್ಕದಲ್ಲಿ ಅಳಿವೆ ಕೆಸರು. ಆ ದಿನ ಕೇಳಿದ ಬೈಗುಳ ಇಲ್ಲಿ ಬರೆಯುವ ಹಾಗಿಲ್ಲ.

ಆಳಕ್ಕೆ ಕೊರೆಯುವವರಿಗೆ

ಕೊಳವೆ ಇಳಿಸಿ ಅರ್ಧ ಮೀಟರ್ ಕೆಸರನ್ನು ಕಂಬದ ಹಾಗೆ ಎತ್ತಿದರೆ ಕೆಳಗಿನದು ಹಳತು, ಮೇಲಿನದು ಹೊಸತು. ಸೆಂಟಿಮೀಟರಿಗೆ ಒಂದರಂತೆ ಹೋಳು ಮಾಡಿ, ಕೊಳವೆಯ ಗೋಡೆಗೆ ತಾಗಿದ ಅಂಚನ್ನು ಕೆತ್ತಿ ಬಿಸಾಡಿ. ವಯಸ್ಸು ತಿಳಿಯಲು ವಿಕಿರಣ ಸೂಸುವ ಸೀಸ-210 ನೋಡಿಸುತ್ತಾರೆ, ಅದರ ಅರ್ಧಾಯುಷ್ಯ ಸುಮಾರು 22 ವರ್ಷ. ಅಣುಬಾಂಬ್ ಪರೀಕ್ಷೆಗಳ ಕಾಲದ ಸೀಸಿಯಂ-137 ಸಿಕ್ಕಿದರೆ 1963ರ ಆಸುಪಾಸಿನ ಗುರುತೂ ಸಿಗುತ್ತದೆ.

ನನಗೆ ಇದರಲ್ಲಿ ಬಹಳ ಇಷ್ಟವಾದದ್ದು ಬೇರೆ. ಪಿಬಿಡಿಇ ಮಾರುಕಟ್ಟೆಗೆ ಬಂದಿದ್ದೇ 1970ರ ದಶಕದಲ್ಲಿ. ಅಂದರೆ ಅದಕ್ಕಿಂತ ಹಳೆಯ ಪದರದಲ್ಲಿ ಅದು ಇರಬಾರದು. ಇದ್ದರೆ ಒಂದೋ ಏಡಿ, ಹುಳ ಕೆಸರನ್ನು ಮೇಲೆ ಕೆಳಗೆ ಮಾಡಿವೆ, ಇಲ್ಲವೇ ನಿಮ್ಮ ಟೀವಿ ಧೂಳು. ಪ್ರಕೃತಿಯೇ ಒಂದು ಬ್ಲ್ಯಾಂಕ್ ಇಟ್ಟುಕೊಟ್ಟಿದೆ.

ಬೆಂಗಳೂರಿನ ಕೆರೆಯಲ್ಲಿ ಇದನ್ನು ಮಾಡುವ ಮುಂಚೆ ಹೂಳೆತ್ತಿದ್ದಾರಾ ಅಂತ ವಿಚಾರಿಸಿ. ಜೆಸಿಬಿ ಇಳಿದ ಕೆರೆಯಲ್ಲಿ ಓದಲು ಪುಟವೇ ಉಳಿದಿರುವುದಿಲ್ಲ.

ಲ್ಯಾಬಿನವರಿಗೆ ಏನು ಕೇಳಬೇಕು

ಲ್ಯಾಬುಗಳನ್ನು ಪರಿಶೀಲಿಸುವ ಎನ್‌ಎಬಿಎಲ್ ಸಂಸ್ಥೆಯ ಮಾನ್ಯತೆ ಇದೆ ಅಂದರೆ ಸಾಲದು. ಆ ಮಾನ್ಯತೆಯ ಪಟ್ಟಿಯಲ್ಲಿ ಮಣ್ಣು ಅಥವಾ ಕೆಸರಿನ ಪಿಬಿಡಿಇ ಇದೆಯಾ ಅಂತ ನೋಡಿ. ಕೀಟನಾಶಕ, ಲೋಹ ಮಾಡುವ ಲ್ಯಾಬು ಇದನ್ನೂ ಮಾಡುತ್ತದೆ ಅಂತಿಲ್ಲ. ಫೋನಿನಲ್ಲಿ 'ಆಗುತ್ತೆ ಸಾರ್, ಕಳಿಸಿ' ಅಂದರೆ ಅಲ್ಲಿಗೇ ಒಪ್ಪಬೇಡಿ, ಎರಡು ಪ್ರಶ್ನೆ ಹಾಕಿ.

ಒಂದು, ಬಿಡಿಇ-209ಕ್ಕೆ ಯಾವ ಕಾಲಮ್ (ರಾಸಾಯನಿಕಗಳನ್ನು ಬೇರ್ಪಡಿಸುವ ಯಂತ್ರದೊಳಗಿನ ತೆಳು ಕೊಳವೆ) ಬಳಸುತ್ತೀರಿ? ಅದು ಬಿಸಿಗೆ ಒಡೆಯುವ ಭಾರಿ ಅಣು, ತೂಕ 959. ಮಾಮೂಲಿ 30 ಮೀಟರ್ ಉದ್ದದ ಕಾಲಮ್ಮಿನಲ್ಲಿ ಬಹಳ ಹೊತ್ತು ಬೆಂದು ಅರ್ಧ ದಾರಿಯಲ್ಲೇ ಹಾಳಾಗುತ್ತದೆ. 15 ಮೀಟರ್ ಅಥವಾ ಅದಕ್ಕಿಂತ ಗಿಡ್ಡ, ತೆಳು ಲೇಪದ್ದು ಅಂದರೆ ಅವರಿಗೆ ಕೆಲಸ ಗೊತ್ತಿದೆ. ಎರಡು, ಎಚ್‌ಬಿಸಿಡಿ ಯಾವುದರಲ್ಲಿ ನೋಡುತ್ತೀರಿ? ಅದರ ಬಗೆಗಳು 160 ಡಿಗ್ರಿ ದಾಟಿದರೆ ಒಂದು ಇನ್ನೊಂದಾಗಿ ಬದಲಾಗುತ್ತವೆ. ಬೇರೆ ಬೇರೆಯಾಗಿ ಲೆಕ್ಕ ಬೇಕಾದರೆ ದ್ರವದಲ್ಲಿ ಬೇರ್ಪಡಿಸಿ ಅಳೆಯುವ ಎಲ್‌ಸಿ-ಎಂಎಸ್ ಯಂತ್ರದಲ್ಲೇ ಆಗಬೇಕು.

ಗಂಧಕ ತೆಗೆಯಲು ತಾಮ್ರದ ಪುಡಿ ಹಾಕುತ್ತೀರಾ ಅಂತ ಬೇಕಾದರೆ ಕೇಳಿ, ಆ ಕೊಳೆತ ಮೊಟ್ಟೆ ವಾಸನೆಯ ಕೆಸರಿಗೆ ಅದು ಬೇಕೇ ಬೇಕು. ಜೊತೆಗೆ ಸಾವಯವ ಇಂಗಾಲ ಮತ್ತು 63 ಮೈಕ್ರಾನಿಗಿಂತ ಸಣ್ಣ ಕಣದ ಪಾಲು, ಇವೆರಡನ್ನೂ ಅಳೆಯಿಸಿ. ಇವಿಲ್ಲದೆ ಎರಡು ಜಾಗಗಳನ್ನು ಹೋಲಿಸಲು ಆಗುವುದಿಲ್ಲ. ಒಂದೊಂದು ಬಾಟ್ಲಿಗೆ ಸಾವಿರಗಟ್ಟಲೆ ಖರ್ಚು ಬೀಳುತ್ತದೆ, ಆದ್ದರಿಂದ ಜಾಗ ಕಡಿಮೆ ಮಾಡಿ, ಬ್ಲ್ಯಾಂಕ್ ಕಡಿಮೆ ಮಾಡಬೇಡಿ.

ಹಾಳೆ ಬಂದ ಮೇಲೆ

ಮೊದಲು ಬ್ಲ್ಯಾಂಕಿನ ಸಾಲು ನೋಡಿ. ಅದು ಕೆಟ್ಟಿದ್ದರೆ ಮುಂದೆ ಓದುವ ಕೆಲಸವೇ ಇಲ್ಲ.

ಲೆಕ್ಕ ಒಣ ತೂಕದ ಗ್ರಾಮಿಗೆ ಇಷ್ಟು ನ್ಯಾನೋಗ್ರಾಂ ಅಂತ ಇರುತ್ತದೆ. ಒಂದು ನ್ಯಾನೋಗ್ರಾಂ ಅಂದರೆ, ಹತ್ತು ಟನ್ನಿನ ನೂರು ಟಿಪ್ಪರ್ ಒಣ ಮಣ್ಣಿನಲ್ಲಿ ಒಂದು ಗ್ರಾಂ. 'ಸಿಗಲಿಲ್ಲ' ಅಂತ ಬರೆದಿದ್ದರೆ ಸೊನ್ನೆ ಅಂತ ಅರ್ಥ ಅಲ್ಲ, ಆ ಲ್ಯಾಬಿನ ಕಣ್ಣಿಗೆ ಬೀಳುವಷ್ಟು ಇರಲಿಲ್ಲ ಅಂತ. ಎಷ್ಟಕ್ಕಿಂತ ಕೆಳಗೆ ಕಾಣುವುದಿಲ್ಲ ಅನ್ನುವ ಅಂಕಿಯನ್ನು ಕೇಳಿ ಬರೆದುಕೊಳ್ಳಿ. 'ಒಟ್ಟು ಪಿಬಿಡಿಇ' ಅಂತ ಒಂದೇ ಅಂಕಿ ಕೊಟ್ಟರೆ, ಅದರಲ್ಲಿ 209 ಸೇರಿದೆಯಾ ಇಲ್ಲವಾ ನೋಡಿ. ಕೆಸರಲ್ಲಿ ಸಾಮಾನ್ಯವಾಗಿ ದೊಡ್ಡ ಪಾಲು ಅದರದ್ದೇ, ಅದನ್ನು ಬಿಟ್ಟ ಮೊತ್ತಕ್ಕೂ ಸೇರಿಸಿದ ಮೊತ್ತಕ್ಕೂ ಅಜಗಜಾಂತರ.

ಮೀನಿನ ವಿಷಯ ಕೆಸರಿನಿಂದ ಊಹಿಸಬೇಡಿ. ಮೀನಲ್ಲಿ ಹೆಚ್ಚಾಗಿ ಸಿಗುವುದು ಬಿಡಿಇ-47ರಂಥ ಹಗುರ ಬಗೆ, 209 ಅಷ್ಟು ಸುಲಭಕ್ಕೆ ಮೈಗೆ ಹತ್ತುವುದಿಲ್ಲ. ಆದರೆ ಬಿಸಿಲಿನಲ್ಲಿ, ಗಾಳಿಯಾಡದ ಕೆಸರಿನಲ್ಲಿ 209 ನಿಧಾನಕ್ಕೆ ಬ್ರೋಮಿನ್ ಕಳಚಿಕೊಂಡು ಹಗುರ ಬಗೆಗಳಾಗುತ್ತದೆ. ಬಳಚಿನಲ್ಲಿ, ನೊಗಲಿ ಮೀನಲ್ಲಿ ಎಷ್ಟಿದೆ ಅಂತ ತಿಳಿಯಬೇಕಾದರೆ ಅವನ್ನೇ ಪರೀಕ್ಷೆ ಮಾಡಿಸಿ. ಅಲ್ಲಿಯವರೆಗೆ 'ಅಘನಾಶಿನಿ ಮೀನು ವಿಷ' ಅಂತ ವಾಟ್ಸಾಪಿನಲ್ಲಿ ಹಾಕಬೇಡಿ, ಆ ಅಕ್ಕನ ಹೊಟ್ಟೆಪಾಡು ಅದು.

ಒಂದು ಸಲದ ಅಂಕಿಯಿಂದ ಏರುತ್ತಿದೆ, ಇಳಿಯುತ್ತಿದೆ ಅಂತ ಹೇಳಲು ಬರುವುದಿಲ್ಲ. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯಲ್ಲಿ ನಿಷೇಧದ ನಂತರ ಪಿಬಿಡಿಇ ಇಳಿದಿದ್ದು ಗೊತ್ತಾಗಿದ್ದು ವರ್ಷಾನುಗಟ್ಟಲೆ ಒಂದೇ ರೀತಿ ಅಳೆದಿದ್ದರಿಂದ. ಅದೇ ತಿಂಗಳು, ಅದೇ ಇಳಿತ, ಅದೇ ಜಾಗ, ಅದೇ ಸೌಟು.

ಇನ್ನು ಉಳಿದ ಕೆಸರು. ಲ್ಯಾಬಿಗೆ ಬೇಕಾಗುವುದು ಹತ್ತಿಪ್ಪತ್ತು ಗ್ರಾಂ ಒಣ ಕೆಸರು ಅಷ್ಟೇ. ಮಿಕ್ಕಿದ್ದನ್ನು ಎಸೆಯಬೇಡಿ, ವಾಪಸ್ ಕೇಳಿ ತಗೊಳ್ಳಿ. ಡೆಕ್ಲೋರೇನ್ ಪ್ಲಸ್ ಅನ್ನುವ ಬೆಂಕಿ ನಿರೋಧಕ ಸ್ಟಾಕ್‌ಹೋಮ್ ಪಟ್ಟಿಗೆ ಸೇರಿದ್ದು 2023ರಲ್ಲಿ, ಮಧ್ಯಮ ಸರಪಳಿಯ ಕ್ಲೋರಿನ್ ಪ್ಯಾರಾಫಿನ್ 2025ರಲ್ಲಿ. ನಾವು ಎರಡನೇ ಸಲ, ಟೀವಿಯನ್ನು ರೂಮಿನಿಂದ ಹೊರಗಿಟ್ಟು, ಸುಟ್ಟ ಬಾಟ್ಲಿಯಲ್ಲಿ ತಂದ ಕೆಸರು ಕಾಲೇಜಿನ ಫ್ರೀಜರಿನ ಕೆಳಗಿನ ಖಾನೆಯಲ್ಲಿ ಇನ್ನೂ ಇದೆ. ಚೀಟಿಯ ಪೆನ್ಸಿಲ್ ಅಕ್ಷರ ಇನ್ನೂ ಓದಲು ಬರುತ್ತದೆ. ಹೊಸ ಹೆಸರು ಪಟ್ಟಿಗೆ ಬಂದಾಗಲೆಲ್ಲ ಒಂದು ಚಮಚ ಕೆರೆದು ಕೊಟ್ಟು, ಆವತ್ತು ಅದು ಅಲ್ಲಿ ಇತ್ತಾ ಅಂತ ಕೇಳಬಹುದು.